ಸರ್ವೇ ಮುಗಿಸಿ ಬಂದ ಮೇಲೆ ಊರಿನವರಿಗೆ ಫಲಿತಾಂಶ ಹೇಳುವವರು ಯಾರು?

ಕಪ್ಪತಗುಡ್ಡದ ಗಾಳಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದವಳು, ಗದಗ ಜಿಲ್ಲೆಯವಳು. ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ (ಓದಿನ ಭಾಗವಾಗಿ ಊರಿಗೆ ಹೋಗಿ ಮಾಡುವ ಕೆಲಸ) ನಮ್ಮ ಬ್ಯಾಚ್ ಮುಂಡರಗಿ ತಾಲ್ಲೂಕಿನ ಒಂದು ಊರಿನಲ್ಲಿ ಮನೆ ಮನೆ ಸರ್ವೇ ಮಾಡಿತು. ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ನೋಡಿದೆವು, ಶಾಲೆ ಮಕ್ಕಳ ಹಲ್ಲು ನೋಡಿದೆವು, ಯಾವ ನೀರು ಕುಡಿಯುತ್ತೀರಿ ಅಂತ ಕೇಳಿ ಬರೆದುಕೊಂಡೆವು. ಆಮೇಲೆ ರಿಪೋರ್ಟ್ ಬೈಂಡ್ ಆಗಿ ಕಾಲೇಜಿನ ಲೈಬ್ರರಿಗೆ ಹೋಯಿತು. ಅಂಕ ಬಂತು. ಕೆಲಸ ಮುಗಿಯಿತು ಅಂದರು.

ಊರಿನವರಿಗೆ ಏನು ತಿಳಿಯಿತು? ಏನೂ ಇಲ್ಲ. ಒಬ್ಬ ಅಜ್ಜಿ ಸರ್ವೇ ದಿನವೇ ಕೇಳಿದ್ದರು, "ಹ್ವಾದ ವರ್ಷನೂ ಯಾರೋ ಬಂದು ಬರಕೊಂಡು ಹೋಗ್ಯಾರವ್ವಾ, ಏನಂತ ಒಬ್ಬರೂ ಹೇಳಲಿಲ್ಲ." ನನಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿನಲ್ಲಿ ಕೇಳಿದರೆ ಅದು ಸಿಲಬಸ್‌ನಲ್ಲಿ ಇಲ್ಲ ಅನ್ನುತ್ತಾರೆ.

ನನ್ನ ಪ್ರಶ್ನೆ ಇಷ್ಟು. ನಾವು ವಿದ್ಯಾರ್ಥಿಗಳೇ ಮತ್ತೆ ಹೋಗಿ ಫಲಿತಾಂಶ ಹೇಳಬಹುದಾ? ಯಾರ ಅನುಮತಿ ಬೇಕು? ಇನ್ನೊಂದು, ಯಾವ ವಿಷಯದ ಮೇಲೆ ಸಂಶೋಧನೆ ಮಾಡಬೇಕು ಅನ್ನುವುದರಲ್ಲಿ ನಮ್ಮನ್ನೂ ಊರಿನವರನ್ನೂ ಯಾಕೆ ಯಾರೂ ಕೇಳುವುದಿಲ್ಲ? ನಾವು ಬರೀ ಫಾರ್ಮ್ ತುಂಬುವವರಾ?

ದೊಡ್ಡ ಸಿಸ್ಟರ್

ಒಳ್ಳೇದು ಕೇಳಿದೆ ತಂಗಿ. ನಾನು ಹಾವೇರಿ ಜಿಲ್ಲೆಯಲ್ಲಿ ಉಪಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಉಪಕೇಂದ್ರ ಅಂದರೆ ಲೆಕ್ಕಕ್ಕೆ 5,000 ಜನಸಂಖ್ಯೆಗೆ ಒಂದು. ಒಂದು ಸಾವಿರ ಜನಕ್ಕೆ ಒಬ್ಬ ಆಶಾ. ಕಾಲೇಜಿನ ಬಸ್ ಬಂದಾಗ ಮನೆ ತೋರಿಸುವವಳು ಆ ಆಶಾ. ನಾಯಿ ಓಡಿಸುವವಳು ಅವಳೇ, "ಹೆದರಬ್ಯಾಡ್ರಿ, ನಮ್ಮ ಮಕ್ಕಳು" ಅಂತ ಸೊಸೆಯಂದಿರನ್ನು ಹೊರಗೆ ಕರೆಯುವವಳೂ ಅವಳೇ. ಬಸ್ ಹೋದ ಮೇಲೆ ಜನ ಕೇಳುವುದೂ ಅವಳನ್ನೇ. "ರಕ್ತ ತೊಗೊಂಡು ಹ್ವಾದ್ರಲ್ಲ, ಏನು ಬಂತು?" ಪಾಪ, ಅವಳಿಗೇನು ಗೊತ್ತು?

ಮುಂದಿನ ಸಲ ಲಸಿಕೆಗೆ ಕರೆದರೂ ಆ ಮನೆಯವರು ಬಾಗಿಲು ಹಾಕುತ್ತಾರೆ. ನೀವು ಮಾಡಿ ಹೋದ ಅರ್ಧ ಕೆಲಸಕ್ಕೆ ನಾವು ವರ್ಷಗಟ್ಟಲೆ ಬೆಲೆ ಕೊಟ್ಟಿದ್ದೇವೆ. ಸಿಟ್ಟಿನಿಂದ ಹೇಳುತ್ತಿಲ್ಲ, ಆದರೆ ಇದು ಕಾಲೇಜಿನವರ ಕಿವಿಗೆ ಬೀಳಲೇಬೇಕು.

ಹುಬ್ಬಳ್ಳಿ ಗಿರ್ಮಿಟ್

ನೂರಕ್ಕೆ ನೂರು ನಿಜ ಅಕ್ಕಾರ.

ಪಿ.ಎಸ್.ಎಂ. ಪಿ.ಜಿ.

ನಾನು ಪಿ.ಎಸ್.ಎಂ., ಅಂದರೆ ಸಮುದಾಯ ವೈದ್ಯಶಾಸ್ತ್ರದಲ್ಲಿ ಪಿ.ಜಿ. ಮಾಡುತ್ತಿದ್ದೇನೆ. ಒಂದೆರಡು ತಿದ್ದುಪಡಿ ಮಾಡಬೇಕು, ಬೇಜಾರಾಗಬೇಡಿ.

ಫಲಿತಾಂಶದಲ್ಲಿ ಎರಡು ಥರ ಇರುತ್ತದೆ. ಒಬ್ಬರ ವೈಯಕ್ತಿಕ ಫಲಿತಾಂಶ ಒಂದು, ಇಡೀ ಊರಿನ ಲೆಕ್ಕ ಇನ್ನೊಂದು. ಯಲ್ಲಮ್ಮನ ಹಿಮೋಗ್ಲೋಬಿನ್ 7 (ಡೆಸಿಲೀಟರ್ ರಕ್ತಕ್ಕೆ ಇಷ್ಟು ಗ್ರಾಂ ಅಂತ ಲೆಕ್ಕ) ಇದ್ದರೆ ಅದನ್ನು ಯಲ್ಲಮ್ಮನಿಗೆ ಅವತ್ತೇ, ಅಲ್ಲೇ ಹೇಳಬೇಕು. ಕೈಗೆ ಚೀಟಿ ಕೊಟ್ಟು ಪಿ.ಎಚ್.ಸಿ.ಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಕಳಿಸಬೇಕು. ರಿಪೋರ್ಟ್ ಬೈಂಡ್ ಆಗುವ ತನಕ ಕಾಯುವಂಥದ್ದಲ್ಲ ಅದು. ಗರ್ಭಿಣಿಗೆ 11ಕ್ಕಿಂತ ಕಡಿಮೆ, ಉಳಿದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗೆ ಇದ್ದ ಗರ್ಭಿಣಿಯನ್ನು ಆಸ್ಪತ್ರೆಗೇ ಕಳಿಸಬೇಕು. ಇದು ಸಂಶೋಧನೆಯ ಮಾತಲ್ಲ, ನೀವು ನರ್ಸ್ ಅನ್ನುವ ಕಾರಣಕ್ಕೇ ಮಾಡಬೇಕಾದ ಕೆಲಸ.

ಊರಿನ ಒಟ್ಟು ಲೆಕ್ಕವನ್ನು ಹೆಸರಿಲ್ಲದೆ ಹೇಳಬಹುದು. ಹೇಳಲೇಬೇಕು ಅಂತ ನನ್ನ ಅಭಿಪ್ರಾಯ. ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಂದ 2017ರ ನೈತಿಕ ಮಾರ್ಗಸೂಚಿಯಲ್ಲಿ 12 ಮೂಲ ತತ್ವಗಳಿವೆ. ಗೌಪ್ಯತೆ ಅದರಲ್ಲಿದೆ, ಸಾಮಾಜಿಕ ಹೊಣೆಯೂ ಇದೆ, ಪಾರದರ್ಶಕತೆಯೂ ಇದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಹಾಗಿಲ್ಲ. ಗೌಪ್ಯತೆ ಅಂತ ನೆಪ ಹೇಳಿ ಊರಿಗೆ ಏನೂ ಹೇಳದೆ ಇರುವುದು ತಪ್ಪು. ಊರಿನ ಕಟ್ಟೆಯ ಮೇಲೆ ಹೆಸರು ಓದುವುದೂ ಅಷ್ಟೇ ತಪ್ಪು.

ಇನ್ನೊಂದು ಮಾತು. ಹಿಮೋಗ್ಲೋಬಿನ್ ಯಾವುದರಲ್ಲಿ ನೋಡಿದಿರಿ? ಸಾಹ್ಲಿ ಟ್ಯೂಬಾ?

ಕಪ್ಪತಗುಡ್ಡದ ಗಾಳಿ

ಹೌದು ಸರ್, ಸಾಹ್ಲಿ. ಕಡಿಮೆ ಬಂದವರಿಗೆ ಬಾಯಲ್ಲಿ ಹೇಳಿದೆವು. ಚೀಟಿ ಕೊಡುವ ವ್ಯವಸ್ಥೆ ಇರಲಿಲ್ಲ.

ಪಿ.ಎಸ್.ಎಂ. ಪಿ.ಜಿ.

ಸಾಹ್ಲಿಯಲ್ಲಿ ಬಣ್ಣ ಹೊಂದಿಸಿ ಕಣ್ಣಲ್ಲಿ ಓದಬೇಕು. ಇಬ್ಬರು ನೋಡಿದರೆ ಎರಡು ಉತ್ತರ ಬರಬಹುದು. ಬೆರಳು ಜೋರಾಗಿ ಹಿಂಡಿದರೂ ಅಂಕಿ ಬದಲಾಗುತ್ತದೆ. ಬೆರಳಿನ ರಕ್ತ ಸಾಕಾ, ರಕ್ತನಾಳದ ರಕ್ತವೇ ಬೇಕಾ ಅನ್ನುವ ಚರ್ಚೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಬಗ್ಗೆಯೂ ನಡೆದಿದೆ. ಹಾಗಾಗಿ ಊರಿಗೆ ಹೇಳುವಾಗ "ನಮ್ಮ ಅಳತೆಯಲ್ಲಿ ಹೀಗೆ ಬಂತು, ಕಡಿಮೆ ಇದ್ದವರು ಆಸ್ಪತ್ರೆಯಲ್ಲಿ ಇನ್ನೊಮ್ಮೆ ಮಾಡಿಸಿ" ಅನ್ನಿ. ಅಷ್ಟು ಹೇಳಿದರೆ ಯಾರಿಗೂ ಮೋಸ ಆಗುವುದಿಲ್ಲ.

ನೀರಿನ ಮನುಷ್ಯ

ನಾನು ಅದೇ ತಾಲ್ಲೂಕಿನವನು, ಒಕ್ಕಲುತನ ಮಾಡುತ್ತೇನೆ. ಮೇಡಮ್, ನಮ್ಮ ಹಲ್ಲು ನೋಡುವುದಕ್ಕೆ ನಾನು ಶಾಲೆಗೆ ಹೋಗುವಾಗಿಂದ ಜನ ಬರುತ್ತಿದ್ದಾರೆ. ಬಾಯಿ ತೆಗಿ ಅಂತಾರೆ, ಬರೆದುಕೊಳ್ಳುತ್ತಾರೆ. ಫ್ಲೋರೈಡ್ ಜಾಸ್ತಿ ಅಂತ ನಮಗೂ ಗೊತ್ತು. ಯಾವ ಬೋರಿನಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲ. ಅದು ಒಂದೇ ನಮಗೆ ಬೇಕಾದದ್ದು. ಶಾಲೆ ಹತ್ತಿರದ ಬೋರ್ ಕುಡಿಯಲು ಆಗುತ್ತದಾ, ಹರಿಜನ ಕೇರಿಯ ಬೋರ್ ಆಗುತ್ತದಾ, ಹೇಳಿ. ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ನಾವು ಯಾವುದರಿಂದ ತರಬೇಕು? ನಾಕಾಣೆ ಉಪಯೋಗ ಇರುವ ಉತ್ತರ ಕೊಡಿ. ಎಷ್ಟು ಶೇಕಡಾ ಮಕ್ಕಳ ಹಲ್ಲಿನಲ್ಲಿ ಕಲೆ ಇದೆ ಅನ್ನುವುದು ನಿಮಗೆ ಬೇಕು, ನಮಗೆ ಅದು ಕಣ್ಣಿಗೇ ಕಾಣುತ್ತದೆ.

ನಮ್ಮ ಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಅದನ್ನು ಯಾವ ಫಾರ್ಮಿನಲ್ಲಿ ಬರೆದುಕೊಂಡಿದ್ದೀರಿ?

ಕಪ್ಪತಗುಡ್ಡದ ಗಾಳಿ

ಅಣ್ಣಾ, ನಿಮ್ಮ ಮಾತು ಓದಿ ಸುಮ್ನೆ ಕುಳಿತುಬಿಟ್ಟೆ. ನಮ್ಮ ಫಾರ್ಮಿನಲ್ಲಿ "ನೀರಿನ ಮೂಲ: ಬೋರ್/ನಲ್ಲಿ/ಬಾವಿ" ಅಂತ ಮೂರು ಚೌಕ ಇದ್ದವು, ಯಾವ ಬೋರ್ ಅಂತ ಕೇಳುವ ಜಾಗವೇ ಇರಲಿಲ್ಲ. ಪ್ರಶ್ನೆ ಬರೆಯುವಾಗ ನಿಮ್ಮೂರಿನ ಒಬ್ಬರು ಕೂತಿದ್ದರೂ ಸಾಕಿತ್ತು.

ಗದಗ ಬೆಟಗೇರಿ

@ನೀರಿನ ಮನುಷ್ಯ ನೀರು ಕಾಯಿಸಿ ಕುಡಿಯಿರಿ, ಎಲ್ಲಾ ಹೋಗುತ್ತದೆ.

ದೊಡ್ಡ ಸಿಸ್ಟರ್

ಅಯ್ಯೋ ಇಲ್ಲಪ್ಪಾ! ಹಾಗೆ ಹೇಳಬೇಡ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಜಾಸ್ತಿಯೇ ಆಗುತ್ತದೆ.

ರಸಾಯನ ಮೇಷ್ಟ್ರು

ಸಿಸ್ಟರ್ ಹೇಳಿದ್ದು ಸರಿ. ಸ್ವಲ್ಪ ಸೇರಿಸುತ್ತೇನೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪುವ ಮಿತಿ. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಬೋರ್ ಆಳ ಹೋದಷ್ಟೂ ನೀರು ಕಲ್ಲಿನ ಜೊತೆ ಬಹಳ ಕಾಲ ಇದ್ದಿರುತ್ತದೆ, ಕಲ್ಲಿನಲ್ಲಿರುವ ಫ್ಲೋರೈಡ್ ಕರಗಿ ಸೇರುತ್ತದೆ. ಪಕ್ಕಪಕ್ಕದ ಎರಡು ಬೋರ್‌ಗಳಲ್ಲಿ ಬೇರೆ ಬೇರೆ ಅಂಕಿ ಬರುವುದುಂಟು. ಅದಕ್ಕೇ "ಈ ಊರಿನ ನೀರು" ಅಂತ ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ನೀರಿನ ಮನುಷ್ಯ ಕೇಳಿದ ಪ್ರಶ್ನೆ ವೈಜ್ಞಾನಿಕವಾಗಿಯೂ ಸರಿಯಾದ ಪ್ರಶ್ನೆ.

ಹಲ್ಲಿನ ವಿಷಯ: ಕಲೆ ಬೀಳುವುದು ಹಲ್ಲು ಒಸಡಿನ ಒಳಗೆ ಬೆಳೆಯುವ ವಯಸ್ಸಿನಲ್ಲಿ, ಹೆಚ್ಚುಕಡಿಮೆ ಎಂಟು ವರ್ಷದ ತನಕ. ಆಮೇಲೆ ನೀರು ಬದಲಿಸಿದರೆ ಬಂದ ಕಲೆ ಹೋಗುವುದಿಲ್ಲ, ಆದರೆ ಮೂಳೆಯ ಮೇಲೆ ಆಗುವ ಪರಿಣಾಮ ತಪ್ಪಿಸಬಹುದು. ಹಾಗಾಗಿ ಮೊದಲು ಒಳ್ಳೆ ನೀರು ಸಿಗಬೇಕಾದದ್ದು ಅಂಗನವಾಡಿಗೆ, ಬಸುರಿ ಬಾಣಂತಿಯರ ಮನೆಗೆ, ಸಣ್ಣ ಮಕ್ಕಳಿಗೆ.

ಇನ್ನು ಜಲ ಜೀವನ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ 5 ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು, ಕಿಟ್ ಕೊಡಬೇಕು ಅಂತ ಇದೆ. ಬಣ್ಣ ನೋಡಿ ಹೇಳುವ ಸರಳ ಕಿಟ್ ಅದು. ನಿಮ್ಮ ಊರಿನಲ್ಲಿ ಯಾರಿಗೆ ತರಬೇತಿ ಆಗಿದೆ ಅಂತ ಪಂಚಾಯ್ತಿಯಲ್ಲಿ ಕೇಳಿ. ನರ್ಸಿಂಗ್ ಹುಡುಗಿಯರು ಆ ಐವರ ಜೊತೆ ಕೂಡಿ ಬೋರ್ ಒಂದೊಂದಾಗಿ ನೋಡಿ, ಅನುಮಾನ ಬಂದದ್ದನ್ನು ಲ್ಯಾಬಿಗೆ ಕಳಿಸಿದರೆ ಊರಿಗೆ ಬೇಕಾದ ಉತ್ತರ ಸಿಗುತ್ತದೆ.

ಹಳೇ ಹುಬ್ಬಳ್ಳಿ

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ಸಂಬಂಧ ಇದೆ. ನಮ್ಮ ಭಾಗದ ಜನ ವೈದ್ಯಕೀಯ ಸಂಶೋಧನೆಗೆ ಕೈ ಚಾಚಿದ್ದು ಇವತ್ತು ನಿನ್ನೆಯದಲ್ಲ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಜೋರಾಗಿತ್ತು. ವಿಜ್ಞಾನಿ ಹಾಫ್ಕಿನ್ ಅವರ ಪ್ಲೇಗ್ ಲಸಿಕೆ ಹಿಂದಿನ ವರ್ಷವಷ್ಟೇ ಮುಂಬೈಯಲ್ಲಿ ತಯಾರಾಗಿತ್ತು, ಅವರು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದರು. ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಚುಚ್ಚಿಸಿಕೊಂಡರು. ಚುಚ್ಚಿಸಿಕೊಂಡವರಲ್ಲಿ ಎಷ್ಟು ಸಾವು, ಚುಚ್ಚಿಸಿಕೊಳ್ಳದವರಲ್ಲಿ ಎಷ್ಟು ಅಂತ ಲೆಕ್ಕ ಇಟ್ಟರು. ಲಸಿಕೆ ಕೆಲಸ ಮಾಡುತ್ತದೆ ಅನ್ನುವ ವಾದಕ್ಕೆ ಆ ಹುಬ್ಬಳ್ಳಿ ಲೆಕ್ಕ ಬಲ ಕೊಟ್ಟಿತು.

ಆ ಜನರ ಹೆಸರಲ್ಲಿ ಊರಲ್ಲಿ ಒಂದು ಕಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಅಜ್ಜ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ ಅಂತ ಮನೆಯಲ್ಲಿ ಹೇಳುತ್ತಿದ್ದರು, ಅಷ್ಟೇ ನಮಗೆ ಉಳಿದದ್ದು.

ಹುಬ್ಬಳ್ಳಿ ಗಿರ್ಮಿಟ್

ಇದು ನನಗೆ ಗೊತ್ತೇ ಇರಲಿಲ್ಲ! ದುರ್ಗದಬೈಲಿನಲ್ಲಿ ದಿನಾ ಓಡಾಡುತ್ತೇನೆ. ಶಾಲೆಯಲ್ಲಿ ಯಾಕೆ ಹೇಳಿಕೊಡುವುದಿಲ್ಲ ಇದನ್ನ?

ನೇರ ಮಾತು

ಎಲ್ಲರೂ ಭಾವುಕರಾಗುತ್ತಿದ್ದೀರಿ, ನಾನು ಬೇರೆ ಮಾತು ಹೇಳುತ್ತೇನೆ. ವಿದ್ಯಾರ್ಥಿಗಳು ಮಾಡುವ ಮುಕ್ಕಾಲು ಭಾಗ ಸಂಶೋಧನೆಯ ಗುಣಮಟ್ಟ ಸರಿ ಇಲ್ಲ. "ಜ್ಞಾನ, ಮನೋಭಾವ, ರೂಢಿ" ಅಂತ ಒಂದೇ ಅಚ್ಚಿನ ಪ್ರಶ್ನೆಪಟ್ಟಿ, ವಿಷಯ ಮಾತ್ರ ಬದಲು. ಒಂದು ವರ್ಷ ಡೆಂಗಿ, ಮುಂದಿನ ವರ್ಷ ಎದೆಹಾಲು. ಬೆಳಿಗ್ಗೆ 11ಕ್ಕೆ ಬಸ್ಸಿನಲ್ಲಿ ಇಳಿಯುತ್ತಾರೆ. ಹೆಸರು ಕಾಳು ಬಿಡಿಸುವ ಕಾಲದಲ್ಲಿ ಆ ಹೊತ್ತಿಗೆ ಊರಲ್ಲಿ ಯಾರಿರುತ್ತಾರೆ? ಮುದುಕರು, ಬಾಣಂತಿಯರು, ಸಣ್ಣ ಮಕ್ಕಳು. ದುಡಿಯುವ ಹೆಣ್ಣುಮಕ್ಕಳೆಲ್ಲ ಹೊಲದಲ್ಲಿ. ಆ ಲೆಕ್ಕ ಹಿಡಿದುಕೊಂಡು "ಈ ಊರಿನಲ್ಲಿ ಇಷ್ಟು ಶೇಕಡಾ" ಅಂತ ಗ್ರಾಮಸಭೆಯಲ್ಲಿ ಹೇಳಿದರೆ ತಪ್ಪು ಮಾಹಿತಿ ಹರಡಿದ ಹಾಗೆ ಆಗುತ್ತದೆ. ಹೇಳುವ ಮೊದಲು ಹೇಳಲು ಯೋಗ್ಯವಾದದ್ದು ಮಾಡಿ.

ಅದೂ ಅಲ್ಲದೆ ಎಲ್ಲರೂ 400 ಜನರನ್ನೇ ಯಾಕೆ ತೆಗೆದುಕೊಳ್ಳುತ್ತೀರಿ? ಸೂತ್ರ ಬಾಯಿಪಾಠ, ಅಷ್ಟೇ.

ಪಿ.ಎಸ್.ಎಂ. ಪಿ.ಜಿ.

ಅರ್ಧ ಒಪ್ಪುತ್ತೇನೆ. 400 ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದವರಿಗೆ: 4ಪಿಕ್ಯೂ ಭಾಗಿಸು ಎಲ್ ವರ್ಗ. ಸಮಸ್ಯೆ ನೂರಕ್ಕೆ ಎಷ್ಟು ಜನರಲ್ಲಿದೆ ಅನ್ನುವುದು ಪಿ, ಉಳಿದವರು ಕ್ಯೂ, ಎಷ್ಟು ಏರುಪೇರು ಒಪ್ಪುತ್ತೇವೆ ಅನ್ನುವುದು ಎಲ್. ಪಿ ಗೊತ್ತಿಲ್ಲ ಅಂತ 50 ಇಟ್ಟರೆ, ಎಲ್ 5 ಇಟ್ಟರೆ 10,000 ಭಾಗಿಸು 25, ಅಂದರೆ 400. ಪಿ 20 ಅಂತ ಗೊತ್ತಿದ್ದರೆ 256 ಸಾಕು. ಆದರೆ ಮನೆ ಮನೆ ಆರಿಸದೆ ಓಣಿ ಓಣಿ ಆರಿಸಿದರೆ ಒಂದೇ ಓಣಿಯವರು ಒಂದೇ ಥರ ಇರುವುದರಿಂದ ಸಂಖ್ಯೆಯನ್ನು ಹೆಚ್ಚಿಸಬೇಕು, ಸಾಮಾನ್ಯವಾಗಿ ಎರಡು ಪಟ್ಟು. ಇದನ್ನು ಮರೆಯುವವರು ಜಾಸ್ತಿ.

ಒಪ್ಪದ ಅರ್ಧ ಇದು: ಗುಣಮಟ್ಟ ಸರಿ ಇಲ್ಲದಿದ್ದರೆ ತಪ್ಪು ವಿದ್ಯಾರ್ಥಿಯದಲ್ಲ. ಬಸ್ 11ಕ್ಕೆ ಹೊರಡಿಸುವವರು ಯಾರು? ಊರಿನವರು ಫಲಿತಾಂಶ ಕೇಳುತ್ತಾರೆ ಅಂತ ಮೊದಲೇ ಗೊತ್ತಿದ್ದರೆ ಎಲ್ಲರೂ ಮೈಯೆಲ್ಲಾ ಕಣ್ಣಾಗಿ ಕೆಲಸ ಮಾಡುತ್ತಾರೆ. ಲೈಬ್ರರಿಗೆ ಹೋಗುವ ರಿಪೋರ್ಟನ್ನು ಪ್ರಶ್ನೆ ಕೇಳುವವರಿಲ್ಲ. ಗ್ರಾಮಸಭೆಯಲ್ಲಿ ಹೇಳಿದರೆ "ನಮ್ಮ ಓಣಿಗೆ ನೀವು ಬರಲೇ ಇಲ್ಲವಲ್ಲ" ಅಂತ ಒಬ್ಬ ಅಜ್ಜ ಎದ್ದು ನಿಲ್ಲುತ್ತಾನೆ. ಆ ಮಾತು ಯಾವ ಪರೀಕ್ಷಕರ ಪ್ರಶ್ನೆಗಿಂತಲೂ ಮೇಲು.

ನೇರ ಮಾತು

ಅದು ಸರಿ. ಅದನ್ನು ನಾನು ಯೋಚಿಸಿರಲಿಲ್ಲ. ಆದರೂ ಅಂಕಿಯ ಜೊತೆ ಅದರ ಮಿತಿ ಹೇಳಲೇಬೇಕು.

ತಾಂಡಾದ ಹುಡುಗ

ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಓದುತ್ತಿದ್ದೇನೆ ಧಾರವಾಡದಲ್ಲಿ. ಊರು ಗದಗ ಜಿಲ್ಲೆಯ ಒಂದು ತಾಂಡಾ. ನಮ್ಮ ತಾಂಡಾಕ್ಕೆ ಸರ್ವೇ ಬಂದಾಗ ನಾನೇ ಮನೆಯಲ್ಲಿದ್ದೆ. ಕೇಳುವವರಿಗೆ ಲಂಬಾಣಿ ಬರದು, ನಮ್ಮ ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೇ. ಎಲ್ಲದಕ್ಕೂ ಹೂಂ ಅಂದಳು. ಶೌಚಾಲಯ ಬಳಸ್ತೀರಾ, ಹೂಂ. ಗುಳಿಗೆ ತಗೊಳ್ತೀರಾ, ಹೂಂ. ಪಕ್ಕದಲ್ಲಿ ಪಂಚಾಯ್ತಿಯವರು ನಿಂತಿದ್ದರು, ಇನ್ನೇನು ಅಂತಾಳೆ?

ಮತ್ತೆ ವರ್ಷದಲ್ಲಿ ಎಷ್ಟೋ ತಿಂಗಳು ತಾಂಡಾದ ಅರ್ಧ ಜನ ಗೋವಾದಲ್ಲೋ ಮಂಗಳೂರಿನಲ್ಲೋ ದುಡಿಯುತ್ತಿರುತ್ತಾರೆ. ಬೀಗ ಹಾಕಿದ ಮನೆಗೆ ಫಾರ್ಮಿನಲ್ಲಿ "ಮನೆ ಮುಚ್ಚಿದೆ" ಅಂತ ಬರೆದು ಪಕ್ಕದ ಮನೆಗೆ ಹೋಗುತ್ತಾರೆ. ಆ ಬೀಗದ ಹಿಂದಿನವರೇ ಎಲ್ಲರಿಗಿಂತ ಕಷ್ಟದಲ್ಲಿರುವವರು. ಅವರ ಮಕ್ಕಳಿಗೆ ಲಸಿಕೆ ಅರ್ಧಕ್ಕೆ ನಿಂತಿರುತ್ತದೆ.

ತಾಂಡಾದಿಂದ ಬಂದ ವಿದ್ಯಾರ್ಥಿಗಳು ಈಗ ಪ್ರತಿ ಕಾಲೇಜಿನಲ್ಲೂ ಇದ್ದೇವೆ. ನಮ್ಮನ್ನು ಕೇಳಿ. ಯಾವ ಹಬ್ಬಕ್ಕೆ ಎಲ್ಲರೂ ಊರಿಗೆ ಬರುತ್ತಾರೆ ಅಂತ ನಾವು ಹೇಳುತ್ತೇವೆ, ದೀಪಾವಳಿಗೆ ಹೋಗಿ ನೋಡಿ, ಬೀಗ ಇರುವುದಿಲ್ಲ.

ಕಪ್ಪತಗುಡ್ಡದ ಗಾಳಿ

ಇದು ಬಹಳ ಮುಖ್ಯವಾದ ಮಾತು. ನಮ್ಮ ಬ್ಯಾಚ್‌ನಲ್ಲೂ ಲಂಬಾಣಿ ಬರುವ ಇಬ್ಬರು ಗೆಳತಿಯರಿದ್ದಾರೆ, ಅವರನ್ನು ಬೇರೆ ಊರಿಗೆ ಹಾಕಿದ್ದರು.

ಬ್ಯಾಡಗಿ ಪೇಟೆ

ನಮ್ಮ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಸೀಸನ್‌ನಲ್ಲಿ ಬ್ಯಾಡಗಿಯಲ್ಲಿ ಸಾವಿರಾರು ಹೆಂಗಸರಿಗೆ ಅದೇ ಅನ್ನ. ದಿನವಿಡೀ ಕೂತು ಬಿಡಿಸಬೇಕು. ಕೈ ಉರಿ, ಕಣ್ಣುರಿ, ಸೀನು, ಕೆಮ್ಮು. ರಾತ್ರಿ ಮನೆಗೆ ಬಂದು ಮೊಮ್ಮಗನನ್ನು ಎತ್ತಿಕೊಳ್ಳಲು ಹೆದರುತ್ತಾಳೆ, ಕೈ ತಾಗಿದರೆ ಮಗು ಅಳುತ್ತದೆ ಅಂತ. ಅವಳ ಪ್ರಶ್ನೆ ಏನು ಗೊತ್ತಾ? "ಈ ಕೆಮ್ಮು ಸೀಸನ್ ಮುಗಿದ ಮ್ಯಾಲೆ ಹೊಕ್ಕೈತೋ, ಪುಪ್ಪುಸದಾಗ ಉಳಿತೈತೋ?" ಇಂಥ ಪ್ರಶ್ನೆ ಹಿಡಿದುಕೊಂಡು ನಮ್ಮ ಓಣಿಗೆ ಯಾರೂ ಬಂದಿಲ್ಲ. ಬಂದವರು ಕೈ ತೊಳೆಯುವುದು ಹೇಗೆ ಅಂತ ಪೋಸ್ಟರ್ ತೋರಿಸಿ ಹೋದರು.

ಹಾವೇರಿಯಲ್ಲೇ ಈಗ ಮೆಡಿಕಲ್ ಕಾಲೇಜು ಆಗಿದೆ. ಗದಗಿನಲ್ಲಿದೆ, ಹುಬ್ಬಳ್ಳಿಯಲ್ಲಂತೂ 1957ರಿಂದ ಇದೆ. ಸೀಸನ್‌ಗೆ ಮೊದಲು ಒಮ್ಮೆ, ಮಧ್ಯದಲ್ಲಿ ಒಮ್ಮೆ, ಮುಗಿದ ಮೇಲೆ ಒಮ್ಮೆ ಉಸಿರಿನ ಪರೀಕ್ಷೆ ಮಾಡಿದರೆ ಉತ್ತರ ಸಿಗುವುದಿಲ್ಲವಾ? ಓದಿದವರು ಹೇಳಿ.

ಗದಗ ಬೆಟಗೇರಿ

ಬ್ಯಾಡಗಿ ಮೆಣಸಿನಕಾಯಿ ಅಷ್ಟು ಖಾರನಾ?

ಬ್ಯಾಡಗಿ ಪೇಟೆ

ಖಾರ ಕಡಿಮೆ, ಬಣ್ಣ ಜಾಸ್ತಿ. ಅದಕ್ಕೇ ಹೆಸರು. ಆದರೆ ಮಾರ್ಕೆಟ್‌ಗೆ ಬರುವುದು ಅದೊಂದೇ ತಳಿ ಅಲ್ಲ, ಖಾರದವೂ ಬರುತ್ತವೆ. ಕಡಿಮೆ ಖಾರದ್ದಾದರೂ ದಿನವಿಡೀ ಕೈಯಲ್ಲಿದ್ದರೆ ಉರಿಯದೆ ಇರುತ್ತದಾ?

ರಸಾಯನ ಮೇಷ್ಟ್ರು

ತಾಯಿಯವರಿಗೆ ಹೇಳಿ: ಖಾರದ ಅಂಶ ಬರೀ ನೀರಿಗೆ ಬಿಡುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಕೊಬ್ಬರಿ ಎಣ್ಣೆಯೋ ಶೇಂಗಾ ಎಣ್ಣೆಯೋ ಕೈಗೆ ಹಚ್ಚಿ ಉಜ್ಜಿ, ಒರೆಸಿ, ಆಮೇಲೆ ಸೋಪಿನಿಂದ ತೊಳೆಯಲಿ. ಉರಿ ಬೇಗ ಇಳಿಯುತ್ತದೆ.

ಪಿ.ಎಸ್.ಎಂ. ಪಿ.ಜಿ.

@ಬ್ಯಾಡಗಿ ಪೇಟೆ ನೀವು ಬರೆದ ಮೂರು ಸಲದ ಪರೀಕ್ಷೆ ಸರಿಯಾದ ವಿನ್ಯಾಸ. ಅದೇ ಓಣಿಯಲ್ಲಿದ್ದು ಆ ಕೆಲಸಕ್ಕೆ ಹೋಗದ ಅದೇ ವಯಸ್ಸಿನ ಹೆಂಗಸರನ್ನೂ ಅದೇ ಮೂರು ಸಲ ನೋಡಬೇಕು, ಯಾಕೆಂದರೆ ಒಲೆಯ ಹೊಗೆಯಿಂದಲೂ ಕೆಮ್ಮು ಬರುತ್ತದೆ. ಉಸಿರು ಅಳೆಯುವ ಯಂತ್ರ, ಸ್ಪೈರೋಮೀಟರ್, ಎತ್ತಿಕೊಂಡು ಹೋಗುವಂಥದ್ದು ಸಿಗುತ್ತದೆ. ಒಬ್ಬ ಪಿ.ಜಿ. ಮತ್ತು ನಾಲ್ಕು ಯು.ಜಿ. (ಮೊದಲ ಡಿಗ್ರಿ ಓದುವ) ಹುಡುಗರು ಸೇರಿ ಒಂದು ಸೀಸನ್‌ನಲ್ಲಿ ಮಾಡಬಹುದಾದ ಕೆಲಸ ಇದು. ದಯವಿಟ್ಟು ನನಗೆ ಮೆಸೇಜ್ ಮಾಡಿ.

ಬೆಳವಲದ ಡಾಕ್ಟ್ರು

ಸಂಶೋಧನೆಯಿಂದ ಹಳ್ಳಿಗೆ ಏನೂ ಆಗುವುದಿಲ್ಲ ಅನ್ನುವವರಿಗೆ ಪಕ್ಕದ ಬೆಳಗಾವಿಯ ಉದಾಹರಣೆ ಹೇಳಲೇಬೇಕು. ಹೆರಿಗೆ ಆದ ಮೇಲೆ ರಕ್ತಸ್ರಾವದಿಂದ ತಾಯಂದಿರು ಸಾಯುವುದು ನಮಗೆಲ್ಲ ಗೊತ್ತು. ಅದಕ್ಕೆ ಕೊಡುವ ಇಂಜೆಕ್ಷನ್ ತಣ್ಣಗಿಡಬೇಕು, ಹಳ್ಳಿಯಲ್ಲಿ ಫ್ರಿಜ್ ಎಲ್ಲಿ? ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಒಂದು ಅಧ್ಯಯನ ಆಯಿತು. ಎ.ಎನ್.ಎಂ.ಗಳೇ (ಉಪಕೇಂದ್ರದ ಸಿಸ್ಟರ್‌ಗಳೇ) ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು. ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಕನ್ನಡ ಮಾತಾಡುವ ಹಳ್ಳಿಯ ಎ.ಎನ್.ಎಂ.ಗಳು ಮಾಡಿದ ಕೆಲಸ ಜಗತ್ತಿನ ಎಷ್ಟೋ ದೇಶದ ತಾಯಂದಿರಿಗೆ ತಲುಪಿತು.

ಅಲ್ಲಿ ಪ್ರಶ್ನೆ ಹುಟ್ಟಿದ್ದು ಹಳ್ಳಿಯ ಹೆರಿಗೆ ಕೋಣೆಯ ಕಷ್ಟದಿಂದ. ಅದಕ್ಕೇ ಅಷ್ಟು ದೂರ ಹೋಯಿತು.

ದೊಡ್ಡ ಸಿಸ್ಟರ್

ಡಾಕ್ಟ್ರೇ, ಎ.ಎನ್.ಎಂ.ಗಳ ಹೆಸರು ಹೇಳಿದ್ದಕ್ಕೆ ಮನಸ್ಸು ತುಂಬಿತು. ಯಾರೂ ನೆನೆಯುವುದಿಲ್ಲ.

ಹೆಸರು ಬೇಡ

ನಾನು ಮಾತಾಡಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ನಾನೂ ಒಂದು ಕಾಲೇಜಿನಲ್ಲಿ ಓದಿದವನು, ಯಾವುದು ಅಂತ ಹೇಳುವುದಿಲ್ಲ. ಬಿಸಿಲಲ್ಲಿ ತಿರುಗಿ ಮಾಹಿತಿ ತಂದದ್ದು, ಕಂಪ್ಯೂಟರ್‌ಗೆ ಹಾಕಿದ್ದು, ಬರೆದದ್ದು ನಾವು. ಲೇಖನ ಪ್ರಕಟವಾದಾಗ ನಮ್ಮ ಹೆಸರೇ ಇರಲಿಲ್ಲ, ಊರಿಗೇ ಕಾಲಿಡದವರ ಹೆಸರು ಇತ್ತು. ವಿದ್ಯಾರ್ಥಿಗಳನ್ನು ತೊಡಗಿಸುವುದು ಅಂದರೆ ಕೂಲಿ ಕೆಲಸ ಮಾಡಿಸುವುದು ಅಂತಾದರೆ ಅವರಿಗೆ ಊರಿನ ಬಗ್ಗೆ ಕಾಳಜಿ ಎಲ್ಲಿಂದ ಬರಬೇಕು?

ಬೆಳವಲದ ಡಾಕ್ಟ್ರು

ನಿಮಗೆ ಆದದ್ದು ಅನ್ಯಾಯ. ಯಾರು ಲೇಖಕರು ಅನ್ನುವುದಕ್ಕೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಒಪ್ಪಿದ ನಾಲ್ಕು ಷರತ್ತುಗಳಿವೆ. ಯೋಚನೆಯಲ್ಲೋ ಮಾಹಿತಿ ಸಂಗ್ರಹದಲ್ಲೋ ವಿಶ್ಲೇಷಣೆಯಲ್ಲೋ ದೊಡ್ಡ ಪಾಲು ಇರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು ಇರಬೇಕು, ಕೊನೆಯ ಪ್ರತಿಯನ್ನು ಒಪ್ಪಿರಬೇಕು, ಇಡೀ ಕೆಲಸಕ್ಕೆ ಹೊಣೆ ಹೊರಬೇಕು. ನಾಲ್ಕೂ ಬೇಕು. ಕುರ್ಚಿ ದೊಡ್ಡದು ಅನ್ನುವುದು ಅದರಲ್ಲಿ ಇಲ್ಲ. ಕೆಲಸ ಶುರು ಮಾಡುವ ಮೊದಲೇ ಯಾರ ಹೆಸರು ಯಾವ ಕ್ರಮದಲ್ಲಿ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಸಂಕೋಚ ಬೇಡ.

ಧಾರವಾಡ ಫೇಡೆ

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಫೋಟೋ. ಆರೋಗ್ಯ ಶಿಬಿರಕ್ಕೆ ಹೋದ ಹುಡುಗರು ರೋಗಿಯ ಪಕ್ಕ ನಿಂತು ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಾರೆ. ಬಿ.ಪಿ. ನೋಡಲು ಒಪ್ಪಿದ ಮಾತ್ರಕ್ಕೆ ಫೋಟೋಗೂ ಒಪ್ಪಿದ ಹಾಗಲ್ಲ. ಮಕ್ಕಳದ್ದಂತೂ ಹಾಕಲೇಬಾರದು. ಸಂಶೋಧನೆಗೆ ಶಾಲೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ತಂದೆತಾಯಿಯ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. ಹೆಡ್ ಮಾಸ್ತರು ಹೂಂ ಅಂದರೆ ಮುಗಿಯಲಿಲ್ಲ.

ನೀರಿನ ಮನುಷ್ಯ

ಇದು ಸರಿ. ನಮ್ಮ ಮಕ್ಕಳ ಹಲ್ಲಿನ ಫೋಟೋ ಎಲ್ಲೆಲ್ಲಿ ಹೋಗಿದೆಯೋ ದೇವರಿಗೇ ಗೊತ್ತು.

ಹಾಸ್ಟೆಲ್ ಊಟ

ಹಳ್ಳಿಗೆ ಹೋಗುವ ಮೊದಲು ನಮ್ಮ ಹಾಸ್ಟೆಲ್ ನೋಡಿ. ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಜನಕ್ಕೆ ರಕ್ತಹೀನತೆ ಅಂತ ಐದನೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದರಲ್ಲಿ ನಾವೂ ಇದ್ದೇವೆ ಅಲ್ವಾ? ಬೆಳಿಗ್ಗೆ ಎಂಟಕ್ಕೆ ಕ್ಲಾಸ್ ಅಂತ ತಿಂಡಿ ಬಿಡುತ್ತಾರೆ, ಚಹಾ ಮೇಲೆ ಚಹಾ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ ಅಂತ ಪರೀಕ್ಷೆಯಲ್ಲಿ ಬರೆದು ಬಂದು ಚಹಾ ಕುಡಿಯುತ್ತೇವೆ. ವಿದ್ಯಾರ್ಥಿಗಳ ಸಂಶೋಧನೆ ವಿದ್ಯಾರ್ಥಿಗಳಿಂದಲೇ ಶುರುವಾಗಲಿ. ಇಲ್ಲಿ ಫಲಿತಾಂಶ ಹೇಳಲು ಯಾವ ಬಸ್ಸೂ ಬೇಡ, ಮೆಸ್ಸಿನ ಬೋರ್ಡ್ ಸಾಕು. ಮೆಸ್ಸಿನಲ್ಲಿ ವಾರಕ್ಕೆರಡು ಸಲ ಸೊಪ್ಪು, ಮೊಳಕೆ ಹೆಸರು ಕಾಳು, ಜೊತೆಗೆ ನಿಂಬೆಹಣ್ಣು ಹಾಕಿಸಿ ಮೂರು ತಿಂಗಳ ಮೇಲೆ ಮತ್ತೆ ನೋಡಬಹುದು.

ದೊಡ್ಡ ಸಿಸ್ಟರ್

ಊಟದಿಂದ ಮಾತ್ರ ಆಗುವುದಿಲ್ಲ ಮಗಳೇ, ಕಡಿಮೆ ಇದ್ದವರಿಗೆ ಕಬ್ಬಿಣಾಂಶದ ಗುಳಿಗೆ ಬೇಕೇ ಬೇಕು. ಊಟ ಆದ ಮೇಲೆ ತಗೊಳ್ಳಿ, ಹೊಟ್ಟೆ ತೊಳಸುವುದು ಕಡಿಮೆ ಆಗುತ್ತದೆ. ಮಲ ಕಪ್ಪಗೆ ಆದರೆ ಹೆದರಬೇಡಿ. ಜಂತುಹುಳುವಿನ ಗುಳಿಗೆಯನ್ನೂ ಮರೆಯಬೇಡಿ.

ನೇರ ಮಾತು

ಹೊಲದ ಊಟ ಅಂದರೆ ರೊಟ್ಟಿ, ಹೆಸರು ಕಾಳಿನ ಪಲ್ಯ, ಹಸಿ ಮೆಂತ್ಯೆ, ಉಳ್ಳಾಗಡ್ಡಿ. ನಮ್ಮ ಹುಡುಗರು ಅದನ್ನು ಬಿಟ್ಟು ಕುರ್ಕುರೆ ಹಿಡಿದರು.

ಗದಗ ಬೆಟಗೇರಿ

ಊಟದ ಸುದ್ದಿ ಬಂದರೆ ಈ ಚರ್ಚೆ ಮುಗಿಯುವುದಿಲ್ಲ. ಮೊದಲಿನ ಪ್ರಶ್ನೆಗೆ ಬನ್ನಿ, ಅನುಮತಿ ಯಾರದು ಬೇಕು?

ಪಂಚಾಯ್ತಿ ಕಟ್ಟೆ

ನಾನು ಗ್ರಾಮ ಪಂಚಾಯ್ತಿ ಸದಸ್ಯೆ ಆಗಿದ್ದವಳು. ಕಾಲೇಜಿನಿಂದ ಒಂದು ಪತ್ರ ತನ್ನಿ, ಪಿ.ಎಚ್.ಸಿ. ವೈದ್ಯಾಧಿಕಾರಿಗೆ ಒಂದು ಪ್ರತಿ, ಪಿ.ಡಿ.ಒ.ಗೆ ಒಂದು ಪ್ರತಿ. ಗ್ರಾಮಸಭೆ ತನಕ ಕಾಯಬೇಕಂತಲೂ ಇಲ್ಲ. ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ. ಆಶಾ, ಅಂಗನವಾಡಿ ಕಾರ್ಯಕರ್ತೆ, ಪಂಚಾಯ್ತಿ ಸದಸ್ಯರು ಅದರಲ್ಲಿರುತ್ತಾರೆ. ಆ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಮುಕ್ತ ಅನುದಾನ ಅಂತ ಇದೆ. ಮೊದಲು ಆ ಸಮಿತಿಯಲ್ಲಿ ಹೇಳಿ. ಆಮೇಲೆ ಸ್ವಸಹಾಯ ಸಂಘದ ಸಭೆಯಲ್ಲಿ, ಸಂಜೆ ಏಳರ ನಂತರ, ಹೆಂಗಸರು ಹೊಲದಿಂದ ಬಂದು ಅಡುಗೆ ಮುಗಿಸಿದ ಮೇಲೆ. ಪಿ.ಪಿ.ಟಿ. ಬೇಡ. ದೊಡ್ಡ ಕಾಗದದ ಮೇಲೆ ಊರಿನ ನಕ್ಷೆ ಬರೆದು ಬೋರ್ ಇರುವ ಕಡೆ ಕೆಂಪು ಹಸಿರು ಬೊಟ್ಟು ಇಡಿ. ಓದಲು ಬರದವರಿಗೂ ತಿಳಿಯುತ್ತದೆ.

ಇನ್ನೊಂದು ಮಾತು ಕಾಲೇಜಿನವರಿಗೆ. ಸಂಶೋಧನೆಗೆ ಒಪ್ಪಿಗೆ ಕೊಡುವ ನಿಮ್ಮ ಎಥಿಕ್ಸ್ ಕಮಿಟಿಯಲ್ಲಿ ಒಬ್ಬರು ಸಾಮಾನ್ಯ ಜನರ ಪ್ರತಿನಿಧಿ ಇರಬೇಕು ಅಂತ ನಿಯಮ ಇದೆಯಲ್ಲ, ಆ ಕುರ್ಚಿಗೆ ನಿಮ್ಮ ಪರಿಚಯದ ವ್ಯಾಪಾರಸ್ಥರನ್ನೇ ಯಾಕೆ ಕೂರಿಸುತ್ತೀರಿ? ಒಬ್ಬ ಅನುಭವಿ ಹಳ್ಳಿ ಹೆಣ್ಣುಮಗಳನ್ನು ಕೂರಿಸಿ. "ಇದರಿಂದ ನಮಗೇನು?" ಅಂತ ಅವಳು ಕೇಳಿಯೇ ಕೇಳುತ್ತಾಳೆ.

ಪಿ.ಎಸ್.ಎಂ. ಪಿ.ಜಿ.

ಈ ಎರಡನೇ ಪ್ಯಾರಾವನ್ನು ನಮ್ಮ ವಿಭಾಗದ ನೋಟಿಸ್ ಬೋರ್ಡಿಗೆ ಹಚ್ಚುತ್ತೇನೆ.

ಕಪ್ಪತಗುಡ್ಡದ ಗಾಳಿ

ಎಲ್ಲರಿಗೂ ಶರಣು. ಗೆಳತಿಯರ ಜೊತೆ ಮಾತಾಡಿದೆ. ಎಂಟು ಜನ ಬರಲು ಒಪ್ಪಿದ್ದಾರೆ, ಲಂಬಾಣಿ ಬರುವ ಇಬ್ಬರೂ ಸೇರಿ. ಒಬ್ಬ ಮೇಡಮ್ ಪತ್ರಕ್ಕೆ ಸಹಿ ಹಾಕುತ್ತೇನೆ ಅಂದಿದ್ದಾರೆ. ಮೊದಲು ಹಿಮೋಗ್ಲೋಬಿನ್ ಕಡಿಮೆ ಬಂದವರ ಮನೆಗೆ ಒಬ್ಬೊಬ್ಬರಾಗಿ ಹೋಗಿ ಚೀಟಿ ಕೊಡುತ್ತೇವೆ. ಬೋರ್ ಪರೀಕ್ಷೆಯ ಬಗ್ಗೆ ಪಂಚಾಯ್ತಿಯಲ್ಲಿ ಕೇಳುತ್ತೇವೆ. ನೀರಿನ ಮನುಷ್ಯ ಅಣ್ಣಾ, ನಿಮ್ಮೂರು ಯಾವುದು ಅಂತ ಇಲ್ಲಿ ಬರೆಯಬೇಡಿ, ಮೆಸೇಜ್ ಮಾಡಿ. ನಮ್ಮದೂ ನಿಮ್ಮದೂ ಒಂದೇ ಊರಾದರೆ ನಕ್ಷೆ ಬರೆಯುವಾಗ ನೀವು ಇರಬೇಕು.

ನೀರಿನ ಮನುಷ್ಯ

ಮಾಡಿದೆ ತಂಗಿ. ಊಟದ ವ್ಯವಸ್ಥೆ ನಮ್ಮದು.

ಫಸ್ಟ್ ಇಯರ್ ಹುಡುಗಿ

ತಡವಾಗಿ ಬಂದೆ, ಎಲ್ಲ ಓದಿದೆ. ನಾನು ಎಂ.ಬಿ.ಬಿ.ಎಸ್. ಮೊದಲ ವರ್ಷ. ಯು.ಜಿ.ಗಳಿಗೆ ಸಂಶೋಧನೆಗೆ ದುಡ್ಡು ಎಲ್ಲಿಂದ ಸಿಗುತ್ತದೆ? ಎಂ.ಪಿ.ಎಚ್. (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಲು ಎಂ.ಬಿ.ಬಿ.ಎಸ್. ಆಗಿರಲೇಬೇಕಾ? ನನ್ನ ತಮ್ಮ ಬಿ.ಎಸ್ಸಿ. ಓದುತ್ತಿದ್ದಾನೆ, ಅವನಿಗೂ ಆಸಕ್ತಿ ಇದೆ.

ಬೆಳವಲದ ಡಾಕ್ಟ್ರು

ಐ.ಸಿ.ಎಂ.ಆರ್.ನ ಎಸ್.ಟಿ.ಎಸ್. ಅಂತ ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನಾ ಯೋಜನೆ ಇದೆ, 1979ರಿಂದ ನಡೆಯುತ್ತಿದೆ. ಎಂ.ಬಿ.ಬಿ.ಎಸ್., ಬಿ.ಡಿ.ಎಸ್. ವಿದ್ಯಾರ್ಥಿಗಳಿಗೆ ಎರಡು ತಿಂಗಳ ಕೆಲಸ, ರಿಪೋರ್ಟ್ ಒಪ್ಪಿಗೆಯಾದರೆ ಸ್ಟೈಪೆಂಡ್. ನಿಮ್ಮ ಕಾಲೇಜಿನ ಒಬ್ಬ ಗೈಡ್ ಬೇಕು, ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಓದಿನ ಭಾಗವಾಗಿ ಆರೋಗ್ಯ ನೋಡಿಕೊಳ್ಳಲು ನಿಮಗೆ ದತ್ತು ಕೊಟ್ಟ ಹಳ್ಳಿಯ ಕುಟುಂಬಗಳು ಇರುತ್ತವಲ್ಲ, ಅವರ ಮನೆಗೆ ಹೋದಾಗ ಅವರಿಗೆ ಏನು ತೊಂದರೆ ಅಂತ ಕೇಳಿ, ವಿಷಯ ಅಲ್ಲೇ ಸಿಗುತ್ತದೆ. ಎಂ.ಪಿ.ಎಚ್.ಗೆ ಎಂ.ಬಿ.ಬಿ.ಎಸ್. ಕಡ್ಡಾಯ ಅಲ್ಲ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಲ್ಲೇ ಆ ಕೋರ್ಸ್ ಇದೆ. ತಮ್ಮನ ಡಿಗ್ರಿ ಯಾವ ವಿಷಯದ್ದು ಅಂತ ಹೇಳಿ ಅಲ್ಲೇ ಹೋಗಿ ವಿಚಾರಿಸಲಿ.

ಬ್ಯಾಡಗಿ ಪೇಟೆ

ಫಸ್ಟ್ ಇಯರ್ ತಂಗಿ, ವಿಷಯ ಬೇಕಿದ್ದರೆ ನಮ್ಮ ಓಣಿಗೆ ಬಾ. ಪಿ.ಎಸ್.ಎಂ. ಸರ್ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ, ಯು.ಜಿ. ಹುಡುಗರು ಇನ್ನೂ ಇಬ್ಬರು ಬೇಕಂತೆ.